ನೀರಿನಲ್ಲಿ ನಿಂತ ಸೊಸೆ

ಮೊನ್ನೆ ಬೆಳಿಗ್ಗೆ ಮೊಮ್ಮಗಳು ತನ್ನ ಕೂಸಿಗೆ ನೆಕ್ಕಿಸಲು ಬಜೆ ತೇಯುತ್ತಿದ್ದಳು. ನಾನು ಹಜಾರದ ಕಂಬಕ್ಕೆ ಒರಗಿ ಕೂತಿದ್ದೆ. ಕಲ್ಲಿನ ಮೇಲೆ ಬೇರು ಉಜ್ಜಿದ ಹಾಗೆಲ್ಲ ಆ ವಾಸನೆ ಎದ್ದಿತು. ಸ್ವಲ್ಪ ಕಹಿ, ಸ್ವಲ್ಪ ಹಸಿಮಣ್ಣು, ಮೂಗಿನೊಳಗೆ ಎಲ್ಲೋ ಒಂದು ಚುರುಕು. ಬಜೆಯ ವಾಸನೆ ಬಂದರೆ ಎಲ್ಲರಿಗೂ ಎಳೆಗೂಸು ನೆನಪಾಗುತ್ತದೆ. ನನಗೆ ಮಾತ್ರ ಒಂದು ಪುಸ್ತಕ ನೆನಪಾಗುತ್ತದೆ, ಅದರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ನಮ್ಮ ಮಾವ ನೆನಪಾಗುತ್ತಾರೆ...

ಅವರ ವಿಷಯ ಹೇಳುವಾಗ ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಇಟ್ಟು ಹೇಳಬೇಕು. ಈ ವಯಸ್ಸಿನಲ್ಲಿ ಎರಡೂ ಕಲೆತುಹೋಗುವುದು ಸುಲಭ. ಅದರಲ್ಲೂ ನಾಲೆಯ ಹತ್ತಿರ ನಡೆದದ್ದು. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಬಂದು, ಮಾವನ ಮನೆಯ ಎದುರಿಗೇ ಒಂದು ಚಿಕ್ಕ ಮನೆಯಲ್ಲಿ ಇದ್ದಳು. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ನಾಲೆ ಬಂದು ಕೆಲವು ವರ್ಷಗಳಾಗಿದ್ದವು. ರಾಗಿ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಕಬ್ಬಿನ ಗಾಡಿಗಳು ಮಂಡ್ಯದ ಕಡೆಗೆ ಹೋಗಲು ಶುರುವಾಗಿತ್ತು. ಮಾವನ ಗಂಟಲು ಎಂಥದೆಂದರೆ, ನಾಲೆಯ ಈ ದಡದಲ್ಲಿ ನಿಂತು ತಮ್ಮ ಎತ್ತುಗಳಿಗೆ ಹೋ ಎಂದರೆ ಆ ದಡದವರ ಎತ್ತುಗಳೂ ನಿಲ್ಲುತ್ತಿದ್ದವು. ಇದನ್ನು ನಾನೇ ಕಂಡಿದ್ದೇನೆ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಂದು ಪುರಾಣದ ಪುಸ್ತಕವಿತ್ತು, ಅವರ ತಾತನ ಕಾಲದ್ದು. ದಪ್ಪ ಕಾಗದದ ಮೇಲೆ ಕೈಯಲ್ಲಿ ಬರೆದದ್ದು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ಹುಳ ಹಿಡಿಯಬಾರದೆಂದು ಎಲೆಗಳ ನಡುವೆ ಬಜೆಯ ತುಂಡುಗಳನ್ನು ಇಡುತ್ತಿದ್ದರು. ಪ್ರತಿ ಯುಗಾದಿಗೆ ಮಾವನೇ, ಓದಿಯಾದ ಎಲೆಗಳಷ್ಟರಲ್ಲಿ, ಹಳೆಯ ಬಜೆ ತೆಗೆದು ಹೊಸದಿಡುತ್ತಿದ್ದರು. ಪುಸ್ತಕ ತಲೆಕೆಳಗಾಗದಿರಲಿ ಎಂದು ಮೇಲಿನ ರಟ್ಟಿಗೆ ಒಂದು ಅರಿಸಿನದ ಬೊಟ್ಟು ಇಟ್ಟುಕೊಂಡಿದ್ದರು. ಬೊಟ್ಟು ಮೇಲಿದ್ದರೆ ಪುಸ್ತಕ ನೆಟ್ಟಗಿದೆ. ಅಷ್ಟು ತಿಳಿದರೆ ಸಾಕು, ಮಿಕ್ಕದ್ದು ಓದುವವರ ಪಾಡು ಎನ್ನುತ್ತಿದ್ದರು.

ಓದುವವರು ಊರಿನ ಶಾಲೆಯ ಮೇಷ್ಟ್ರು. ಸಣ್ಣ ಆಳು, ಸಣ್ಣ ದನಿ. ಪದ್ಯವನ್ನು ರಾಗವಾಗಿ ಹೇಳಿ ಆಮೇಲೆ ಅರ್ಥ ಬಿಡಿಸುತ್ತಿದ್ದರು. ಯುದ್ಧದ ಕಾಲ, ಸೀಮೆಎಣ್ಣೆಗೆ ರೇಷನ್ನು, ದೀಪ ಹಚ್ಚುವ ಹಾಗಿರಲಿಲ್ಲ. ಅದಕ್ಕೇ ದನ ಬರುವ ಹೊತ್ತಿಗೆ ಶುರುಮಾಡಿ ಅಕ್ಷರ ಕಾಣುವ ತನಕ ಓದುವುದು. ಗಂಡಸರು ಜಗಲಿಯ ಮೇಲೆ, ನಾವು ಹೆಂಗಸರು ಬಾಗಿಲ ಒಳಗೆ.

ಮಾವನದೊಂದು ಕಟ್ಟಳೆಯಿತ್ತು. ಇವತ್ತು ಎಲ್ಲಿಗೆ ನಿಂತಿತೋ ಅಲ್ಲಿ ಬಜೆ ತುಂಡಿಟ್ಟು ಕಟ್ಟಬೇಕು. ಮುಂದಿನ ಎಲೆಯನ್ನು ಯಾರೂ, ಮೇಷ್ಟ್ರು ಕೂಡ, ಮೊದಲೇ ತಿರುವಿ ನೋಡಬಾರದು. ನಾಳೆ ಉಣ್ಣುವ ಅನ್ನದ ಮಡಕೆಗೆ ಇವತ್ತೇ ಕೈ ಹಾಕಿದ ಹಾಗಂತೆ. ಇನ್ನೂ ಒಂದು ವಿಚಿತ್ರವಿತ್ತು. ಪ್ರತಿ ವರ್ಷ ದೀಪಾವಳಿ ಕಳೆದು ಓದು ಶುರುವಾಗುತ್ತಿತ್ತು, ಭತ್ತದ ಕುಯ್ಲು ಬಂದ ಕೂಡಲೇ ನಿಲ್ಲುತ್ತಿತ್ತು. ಮರುವರ್ಷ ಮತ್ತೆ ಮೊದಲಿನಿಂದ. ಹೀಗಾಗಿ ಪುರಾಣದ ಮೊದಲ ಅರ್ಧ ನಮ್ಮೂರಿನ ದನಕಾಯುವವರಿಗೂ ಬಾಯಿಪಾಠ. ಎರಡನೆಯ ಅರ್ಧದಲ್ಲಿ ಏನಿದೆಯೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ವರ್ಷ ಮಾವನ ಮಗನಿಗೂ ನನಗೂ ಮದುವೆಯೆಂದು ಮಾತಾಯಿತು. ಚಿಕ್ಕಂದಿನಿಂದ ಅಂದುಕೊಂಡದ್ದೇ. ನನಗೆ ಇಷ್ಟವಿತ್ತು. ಆ ಕಾಲದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಮಾವ ಆ ಸಂತೋಷದಲ್ಲಿ ಹರಕೆ ಹೊತ್ತರು. ಈ ಸಲ ಗೌರಿಹಬ್ಬ ಕಳೆದ ಕೂಡಲೇ ಓದಿಸಲು ಶುರುಮಾಡಿ, ಪುರಾಣವನ್ನು ಕೊನೆಮುಟ್ಟಿಸಿ, ಮಂಗಳವಾದ ಮೇಲೆಯೇ ಮದುವೆಯ ಚಪ್ಪರ ಹಾಕುವುದು ಎಂದು. ಕಾರ್ತಿಕದೊಳಗೆ ಮುಗಿಯುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದರು. ಒಬ್ಬರಾದರೂ ಕೊನೆಯ ಎಲೆಯನ್ನು ತೆರೆದು ನೋಡಿದ್ದರೆ... ಆದರೆ ಕಟ್ಟಳೆಯಿತ್ತಲ್ಲ.

ಕಥೆ ಇಷ್ಟು. ಒಂದೂರಿನಲ್ಲಿ ಒಬ್ಬ ವರ್ತಕನ ಮನೆ. ಆ ಮನೆಯ ಸೊಸೆ ಶಿವಭಕ್ತೆ. ಭಿಕ್ಷಕ್ಕೆ ಬಂದವರಿಗೆಲ್ಲ ಮೊರದ ತುಂಬ ಕೊಡುವವಳು. ಅತ್ತೆಗೆ ಅದನ್ನು ಕಂಡರಾಗದು. ಮರಳಿನಲ್ಲಿ ಎಳ್ಳು ಬೆರೆಸಿ ಆರಿಸು ಎನ್ನುತ್ತಾಳೆ, ಹಸಿ ಸೌದೆಯಲ್ಲಿ ಅಡಿಗೆ ಮಾಡು ಎನ್ನುತ್ತಾಳೆ. ಇಷ್ಟು ನಮಗೆಲ್ಲ ಗೊತ್ತಿದ್ದ ಭಾಗ. ಆ ವರ್ಷ ಹೊಸದಾಗಿ ಕೇಳಿದ ಭಾಗದಲ್ಲಿ ಅತ್ತೆ ಒಂದು ಬಿರುಕು ಬಿಟ್ಟ ಮಡಕೆ ಕೊಟ್ಟು, ಹೊಳೆಯಿಂದ ಇದರ ತುಂಬ ನೀರು ತಂದರೆ ಮನೆಗೆ ಬಾ, ಇಲ್ಲದಿದ್ದರೆ ಬರಬೇಡ ಎಂದು ಕಳಿಸುತ್ತಾಳೆ. ಸೊಸೆ ತುಂಬಿಸುತ್ತಾಳೆ, ದಡ ಸೇರುವುದರೊಳಗೆ ಸೋರಿಹೋಗುತ್ತದೆ. ಆಳದ ನೀರಾದರೂ ನಿಂತೀತೆಂದು ಇನ್ನಷ್ಟು ಒಳಗೆ ಹೋಗುತ್ತಾಳೆ. ಮೊಣಕಾಲು, ಸೊಂಟ, ಎದೆ. ಕೊನೆಗೆ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು, ಮಡಕೆಯನ್ನು ತಲೆಯ ಮೇಲೆ ಹಿಡಿದು, ಶಿವನೇ ಎಂದು ಕೂಗುತ್ತಾಳೆ.

ಅಲ್ಲಿಗೆ ಮೇಷ್ಟ್ರು ರಾಗ ಎಳೆದು ಎಲೆ ತಿರುವಿದರು. ಹಿಂದಿನ ರಟ್ಟು ಬಂದಿತು.

ಅವರು ರಟ್ಟನ್ನು ನೋಡಿದರು. ಪುಸ್ತಕವಿಟ್ಟ ಪೀಠದ ಕೆಳಗೆ ನೋಡಿದರು. ಆಮೇಲೆ ರಟ್ಟಿಗೂ ದಾರಕ್ಕೂ ನಡುವೆ ಬೆರಳಾಡಿಸಿದಾಗ ಗೋಧಿ ಹಿಟ್ಟಿನಂತಹ ಪುಡಿ ಉದುರಿತು. ಕೊನೆಯ ಎಲೆಗಳನ್ನು ಹುಳ ತಿಂದಿತ್ತು. ಯಾವ ಕಾಲದಲ್ಲೋ ಅಲ್ಲಿಟ್ಟಿದ್ದ ಬಜೆಯ ತುಂಡನ್ನೂ ಬಿಟ್ಟಿರಲಿಲ್ಲ, ಒಳಗೆಲ್ಲ ಕೊರೆದು ಪೊಳ್ಳು ಮಾಡಿತ್ತು. ಮಾವ ಆ ಪೊಳ್ಳು ಬಜೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಮೇಷ್ಟ್ರು ಒಳ್ಳೆಯವರು. ಹೀಗಾದಾಗ ಒಂದು ಮಂಗಳದ ಹಾಡು ಹೇಳಿ ಆರತಿ ಎತ್ತಿ ಮುಗಿಸಬಹುದು, ಶಾಸ್ತ್ರದಲ್ಲಿ ತಪ್ಪಿಲ್ಲ ಎಂದರು. ಪಾನಕ, ಕೋಸಂಬರಿ ಸಿದ್ಧವಾಗಿತ್ತು. ಜನ ಎದ್ದು ಕೈ ಮುಗಿಯುವವರಿದ್ದರು.

ಮಾವ ಏಳಲಿಲ್ಲ. "ಮೇಷ್ಟ್ರೆ, ಹೆಣ್ಮಗಳು ಕುತ್ಗೆಮಟ ನೀರ್ನಾಗೆ ನಿಂತವ್ಳೆ. ನೀವು ಮಂಗಳಾರ್ತಿ ಅಂತೀರಲ್ಲ" ಎಂದರು.

ಮೇಷ್ಟ್ರು, ಅದು ಕಥೆ ಗೌಡರೆ, ಎಂದರು.

"ಕಥೆನೆ ಕಣಪ್ಪ. ಕಥೆ ಅಂತ ಸಳಿ ಆಗಾಕಿಲ್ವಾ? ಆಯಮ್ಮ ಮನೆಗ್ ಬರೋಗಂಟ ನನ್ ಮನೆ ಮುಂದೆ ಚಪ್ಪರದ ಕಂಬ ನೆಡಾಕಿಲ್ಲ. ಅವ್ಳು ಅಲ್ಲಿ ನಿಂತಿರ್ವಾಗ ನಾನ್ ಇನ್ನೊಬ್ಳು ಸೊಸೆ ತರಾದು ಎಂಗೆ?"

ನಾನು ಬಾಗಿಲ ಹಿಂದೆ ನಿಂತು ಇದನ್ನು ಕೇಳಿದೆ. ನಗು ಬಂದಿತು. ನಗುತ್ತಿದ್ದ ಹಾಗೆಯೇ ನನಗೆ ಹೊಳೆಯಿತು, ಆ ಇನ್ನೊಬ್ಬಳು ಸೊಸೆ ನಾನೇ ಎಂದು.

ಅದರ ಬಿಸಿ ನನಗೆ ತಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಮಂಡ್ಯದ ಹತ್ತಿರ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಇದ್ದರು. ಮಾವನ ಮನೆಯವರು ಚಪ್ಪರ ಹಾಕುತ್ತಿಲ್ಲ ಎಂದು ಕೇಳಿ ಒಬ್ಬ ಗುತ್ತಿಗೆದಾರನನ್ನು ಕರೆದುಕೊಂಡೇ ಬಂದರು. ಹೆಂಡತಿ ಸತ್ತವನು, ಯುದ್ಧದ ಸರಬರಾಜಿನಲ್ಲಿ ಕೈ ತುಂಬ ಮಾಡಿಕೊಂಡವನು. ಅವನು ಒಬ್ಬಟ್ಟು ತಿಂದು, ನನಗೆ ಓದಲು ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಎಂದಾಗ, ಪರವಾಗಿಲ್ಲ, ಮರೆತುಹೋಗುತ್ತೆ ಬಿಡಿ ಎಂದು ಅವ್ವನಿಗೆ ಸಮಾಧಾನ ಹೇಳಿದ. ಧನುರ್ಮಾಸ ಹುಟ್ಟುವುದರೊಳಗೆ ಇಲ್ಲಿ ಚಪ್ಪರವೇಳದಿದ್ದರೆ ಸಂಕ್ರಾಂತಿ ಕಳೆದು ಹುಡುಗಿ ನಮ್ಮ ಕಡೆಗೆ ಎಂದು ದೊಡ್ಡಪ್ಪ ಹೇಳಿ ಹೋದರು. ಅವ್ವ ವಿಧವೆ. ಗಂಡನ ಅಣ್ಣನ ಮಾತಿಗೆ ಎದುರಾಡುವ ಹಾಗಿರಲಿಲ್ಲ.

ಊರಿನವರಿಗೆ ಮಾತ್ರ ಹಬ್ಬವಾಯಿತು. ಅಷ್ಟು ವರ್ಷ ಕೈಮುಗಿದು ಕೇಳಿ ಎದ್ದುಹೋಗುತ್ತಿದ್ದವರು, ಈಗ ಪುರಾಣ ನಿಂತುಹೋದ ಮೇಲೆ ಅದರ ವಿಷಯ ಮಾತಾಡಲು ಶುರುಮಾಡಿದರು. ನಮ್ಮೂರ ಕುಂಬಾರನಿಗೆ ಮೊದಲು ಮಾನದ ಪ್ರಶ್ನೆ ಬಂದಿತು. ಬಿರುಕು ಮಡಕೆ ಮಾರಿದವನು ಯಾರು ಎಂದು ಯಾರೋ ಕೇಳಿದ್ದರಂತೆ. ಅವನು ಮಾವನ ಜಗಲಿಗೇ ಬಂದು, ಚೆನ್ನಾಗಿ ಬೆಂದ ಮಡಕೆ ತಾನಾಗಿ ಬಿರಿಯುವುದಿಲ್ಲ, ಅತ್ತೆಯೇ ನೆಲಕ್ಕೆ ಕುಕ್ಕಿರಬೇಕು, ಪುಸ್ತಕದಲ್ಲಿ ಆ ಮಾತನ್ನು ಬಿಟ್ಟಿದ್ದಾರೆ ಎಂದು ವಾದ ಮಾಡಿದ. ನಾಲೆಯ ತೂಬು ನೋಡಿಕೊಳ್ಳುವ ನೀರುಗಂಟಿ ಬಹಳ ಯೋಚನೆ ಮಾಡಿ, ಮೇಲಿನ ತೂಬನ್ನು ಸ್ವಲ್ಪ ಇಳಿಸಿದರೆ ಹೊತ್ತು ಮುಳುಗುವುದರೊಳಗೆ ನೀರು ಸೊಂಟಕ್ಕೆ ಇಳಿಯುತ್ತದೆ, ಆ ಊರಿನಲ್ಲಿ ನೀರುಗಂಟಿ ಇರಲಿಲ್ಲವೇ ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ.

ಮೇಷ್ಟ್ರು ಇವರಿಗೆಲ್ಲ ತತ್ತ್ವ ತಿಳಿಯಲಿ ಎಂದು ಒಂದು ಸಂಜೆ ಕೂತು ಬಿಡಿಸಿ ಹೇಳಿದರು. ಮಡಕೆಯೆಂದರೆ ದೇಹ. ಬಿರುಕೆಂದರೆ ಇಂದ್ರಿಯಗಳು. ನೀರು ಭಕ್ತಿ. ಹೊಳೆ ಸಂಸಾರ. ಅತ್ತೆಯೆಂದರೆ ಮಾಯೆ. ಮೊದಲಿನ ನಾಲ್ಕಕ್ಕೆ ಎಲ್ಲರೂ ತಲೆದೂಗಿದರು. ಐದನೆಯದಕ್ಕೆ ಜಗಲಿಯ ಮೇಲಿದ್ದವರೆಲ್ಲ ತಿರುಗಿ ಬಾಗಿಲ ಕಡೆ ನೋಡಿದರು, ಅಲ್ಲಿ ನಮ್ಮತ್ತೆ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದರು.

ನಮ್ಮತ್ತೆ ಎಂದರೆ ಮಾವನ ಹೆಂಡತಿ. ಬಾಯಿ ಜೋರು, ಕೈ ದೊಡ್ಡದು. ಅವರು ಯಾವ ಸೊಸೆಗೂ ಯಾವ ಮಡಕೆಯನ್ನೂ ಕೊಟ್ಟವರಲ್ಲ, ಅವರಿಗೆ ಇನ್ನೂ ಸೊಸೆಯೇ ಬಂದಿರಲಿಲ್ಲ. ಆದರೂ ಊರಿನ ಹೆಂಗಸರು ಬಾವಿಯ ಹತ್ತಿರ ಅವರ ಬಿಂದಿಗೆಯನ್ನು ಬಗ್ಗಿ ನೋಡಲು ಶುರುಮಾಡಿದರು. ಸೋರುತ್ತದೆಯೋ ಎಂದು. "ಇವ್ರ ಪುರಾಣ ಓದ್ಸುದ್ಕೆ ನಾನು ಮಾಯೆ ಆದೆ ಕಣವ್ವ" ಎಂದು ಅವ್ವನ ಮುಂದೆ ಹೇಳಿಕೊಂಡು, ಮೇಷ್ಟ್ರಿಗೆ ಕೊಡುತ್ತಿದ್ದ ಮಜ್ಜಿಗೆಯನ್ನು ಅವತ್ತಿನಿಂದ ನಿಲ್ಲಿಸಿದರು.

ಮಾವ ಮೇಷ್ಟ್ರ ತತ್ತ್ವವನ್ನು ಪೂರ್ತಿ ಕೇಳಿದರು. ಕೇಳಿ, ಮಡಕೆ ದೇಹವಾದರೂ ಆಗಲಿ, ಹೊತ್ತುಕೊಂಡು ನಿಂತವಳು ಹೆಣ್ಣುಮಗಳಲ್ಲವೇ ಎಂದರು. ಅಷ್ಟೇ ಅವರ ವ್ಯಾಖ್ಯಾನ. ಅದನ್ನು ಅವರು ಬಾಯಿಮಾತಿಗೆ ಬಿಡಲಿಲ್ಲ. ಚಳಿ ಬಿದ್ದಿತ್ತು. ಮಾವ ಕಂಬಳಿ ಹೊದೆಯುವುದನ್ನು ಬಿಟ್ಟರು. ಬಚ್ಚಲಲ್ಲಿ ಬಿಸಿನೀರು ಕಾದಿದ್ದರೂ ತಣ್ಣೀರು ಹುಯ್ದುಕೊಂಡರು. ಅವಳು ನೀರಿನಲ್ಲಿರುವಾಗ ತಾನು ಬೆಚ್ಚಗಿರುವುದು ಹೇಗೆ ಎನ್ನುವುದು ಅವರ ಲೆಕ್ಕ. ನಾಲ್ಕು ದಿನಕ್ಕೆ ನೆಗಡಿ ಹಿಡಿದು, ಎತ್ತು ನಿಲ್ಲಿಸುತ್ತಿದ್ದ ಆ ಗಂಟಲು ಕೋಳಿಮರಿಯ ಹಾಗೆ ಕೀರಲಾಯಿತು. ಎತ್ತುಗಳು ಅವರ ಮಾತು ಕೇಳದೆ ಗದ್ದೆಯ ಬದು ಹತ್ತಿದವು. ಅತ್ತೆ ಮೆಣಸಿನ ಕಷಾಯ ಕುದಿಸಿ ಲೋಟವನ್ನು ಕುಕ್ಕಿ, "ನೀರ್ನಾಗಿರೋಳು ನೆಟ್ಟಗವ್ಳೆ ಕಣಯ್ಯ. ದಡದಾಗಿರೋ ನಿನಗೆ ಬಂತು ನೆಗಡಿ" ಎಂದರು.

ಪುಸ್ತಕದ ಕೊನೆಯನ್ನು ಹುಡುಕುವ ಕೆಲಸ ಮಾವನ ಮಗನ ಪಾಲಿಗೆ ಬಂದಿತು. ಮದುಮಗನಾಗಬೇಕಾದವನು ಸೈಕಲ್ಲು ತುಳಿದುಕೊಂಡು ಊರೂರು ಅಲೆದ. ಮಳವಳ್ಳಿಯಲ್ಲಿ ಪುರಾಣ ಬಲ್ಲವರೊಬ್ಬರಿದ್ದರು. ಅವರು ಕಾಫಿ ಕೊಟ್ಟು, ಈ ಕಥೆ ತಮಗೆ ಗೊತ್ತಿಲ್ಲ, ಬೇರೆ ಹೇಳುತ್ತೇನೆ ಕೂತುಕೋ ಎಂದು ಸಂಜೆಯವರೆಗೆ ಬಿಡಲಿಲ್ಲವಂತೆ. ಮದ್ದೂರಿನಲ್ಲಿ ಒಬ್ಬರ ಮನೆಯಲ್ಲಿ ಪುಸ್ತಕವಿತ್ತು, ಆದರೆ ಅದರಲ್ಲಿ ಮೊದಲ ಅರ್ಧ ಮಾತ್ರವಿತ್ತು. ಅವತ್ತು ಅವನು ಬರುವಾಗ ನಾನು ಹಿತ್ತಲಲ್ಲಿ ಸೌದೆ ತೆಗೆಯುತ್ತಿದ್ದೆ. ಬೇಲಿಯ ಆಚೆ ಸೈಕಲ್ಲು ನಿಂತಿತು. ಆತ ಕಡಿಮೆ ಮಾತಿನವನು. ಮುತ್ತುಗದೆಲೆಯ ಒಂದು ಪೊಟ್ಟಣವನ್ನು ಬೇಲಿಯ ಮೇಲಿಟ್ಟು, "ಕೊನೆ ಸಿಗ್ನಿಲ್ಲ. ವಡೆ ಸಿಕ್ತು" ಎಂದು ಹೇಳಿ ಹೊರಟುಹೋದ. ಆ ವಡೆಯನ್ನು ನಾನು ಅಳುತ್ತ ತಿಂದೆ. ತಿಂದು ಮುಗಿಸಿದ್ದಂತೂ ನಿಜ.

ಕೊನೆಗೆ ದಾರಿ ತೋರಿಸಿದವರು ಮೇಷ್ಟ್ರೇ. ಮಜ್ಜಿಗೆ ನಿಂತುಹೋದ ಸಂಕಟವೋ ಏನೋ, ಒಂದು ಭಾನುವಾರ ಮಂಡ್ಯಕ್ಕೆ ಹೋಗಿ, ಬೆಲ್ಲದ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಡೀ ಪುಸ್ತಕವಿರುವುದನ್ನು ಪತ್ತೆ ಮಾಡಿ, ಅಲ್ಲೇ ಕೂತು ಕೊನೆಯ ಭಾಗವನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಂಡು ಬಂದರು. ಬರೆದುಕೊಂಡರೆ ಮುಂದಿನದು ಗೊತ್ತಾಗಿಬಿಡುತ್ತದಲ್ಲ, ಕಟ್ಟಳೆ ಏನಾಯಿತು ಎಂದು ಕುಂಬಾರ ಕೇಳಿದ. ಮಾವ, ಮೇಷ್ಟ್ರು ನಮಗೋಸ್ಕರ ಪಾಪ ಕಟ್ಟಿಕೊಂಡಿದ್ದಾರೆ, ಅವರಿಗೆ ಮಜ್ಜಿಗೆ ಕೊಡು ಎಂದು ಅತ್ತೆಗೆ ಹೇಳಿದರು.

ಅವತ್ತು ಜಗಲಿಯ ಮೇಲೆ ಜಾಗವಿರಲಿಲ್ಲ. ಪಕ್ಕದ ಊರಿನವರೂ ಬಂದಿದ್ದರು. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿ ರಾಗ ಎತ್ತಿದರು. ಸೊಸೆ ಶಿವನೇ ಎಂದು ಕೂಗಿದಾಗ ಆಕಾಶ ತೆರೆಯಿತು. ಬೆಳಕು ಇಳಿಯಿತು. ಬಿರುಕು ಮಡಕೆ ಹೊನ್ನಿನ ಕಲಶವಾಯಿತು. ಕಲಶ ತುಂಬಿತು. ಅದನ್ನು ಹಿಡಿದವಳೂ ಬೆಳಕಾದಳು, ಬೆಳಕು ಬೆಳಕಿನಲ್ಲಿ ಸೇರಿತು, ದೇವತೆಗಳು ಹೂಮಳೆ ಕರೆದರು, ಹೊಳೆ ಪುಣ್ಯತೀರ್ಥವಾಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಗಂಡಸರು ಕೈ ಮುಗಿದರು. ನೀರುಗಂಟಿಯಂತೂ ಎದ್ದು ನಿಂತು ಕೈ ಮುಗಿದ.

ಮಾವ ಕೇಳಿದರು, "ಮನೆಗ್ ಬಂದ್ಲಾ?"

"ಶಿವನಲ್ಲಿ ಐಕ್ಯವಾದಳು, ಗೌಡ್ರೆ."

"ಅದ್ಸರಿ. ಮನೆಗ್ ಬಂದ್ಲಾ?"

ಮೇಷ್ಟ್ರು, ಮನೆಗೆ ಬರುವುದಕ್ಕಿಂತ ಅದು ದೊಡ್ಡದು, ಸಾಯುಜ್ಯ, ಋಷಿಗಳಿಗೂ ಸಿಗದ್ದು ಎಂದು ವಿವರಿಸಿದರು. ಮಾವ ತಾಳ್ಮೆಯಿಂದ ಕೇಳಿ, "ದೊಡ್ಡದೇ ಇರ್ಬೈದು. ನಮ್ ಮಾತ್ನಾಗೆ ಅದುಕ್ಕೆ ಏನಂತಾರೆ?" ಎಂದರು.

ಮೇಷ್ಟ್ರು ಪ್ರಾಮಾಣಿಕರು. ಬರೆದುಕೊಂಡು ಬಂದ ಹಾಳೆಗಳನ್ನು ಮಡಿಸಿಟ್ಟರು.

"ನೀರ್ಪಾಲಾದ್ಲು ಅಂತಾರೆ" ಎಂದು ಮಾವನೇ ಹೇಳಿ, ಎದ್ದು ಒಳಗೆ ಹೋದರು. ಆರತಿಯ ತಟ್ಟೆ ಹಾಗೇ ಉಳಿಯಿತು.

ಅಷ್ಟು ಹುಡುಕಿ ತಂದ ಕೊನೆ ಇದ್ದದ್ದನ್ನೂ ಕೆಡಿಸಿತು. ಮೊದಲಾದರೆ ಆಕೆ ನೀರಿನಲ್ಲಿ ನಿಂತಿದ್ದಳು, ಆಸೆಯಿತ್ತು. ಈಗ ಸತ್ತೇಹೋಗಿದ್ದಳು. ಪುಸ್ತಕದಲ್ಲಿ ಸೊಸೆ ಸತ್ತ ವಾರದಲ್ಲಿ ಮನೆಗೆ ಸೊಸೆ ತರುವವರು ಯಾರು? ಜನ ಪಾನಕ ಕುಡಿಯುವುದೋ ಬೇಡವೋ ತಿಳಿಯದೆ ಕೂತಿದ್ದರು. ಧನುರ್ಮಾಸ ಹತ್ತಿರ ಬಂದಿತ್ತು. ನನ್ನ ಕಣ್ಣ ಮುಂದೆ ಒಬ್ಬಟ್ಟು ತಿನ್ನುವ ಆ ಗುತ್ತಿಗೆದಾರನ ಬಾಯಿ ಕಾಣುತ್ತಿತ್ತು.

ಆಗ ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ಇದು ನಾನು ಕೇಳಿದ್ದು, ಕಂಡದ್ದಲ್ಲ. ಅವ್ವನಿಗೂ ಮಾವನಿಗೂ ಒಬ್ಬ ಅಕ್ಕ ಇದ್ದಳಂತೆ. ಮುತ್ತತ್ತಿಯ ಕಡೆ, ಕಾವೇರಿ ದಡದ ಒಂದು ಹಳ್ಳಿಗೆ ಕೊಟ್ಟಿದ್ದರು. ನೀರು ತರಲು ಹೋದವಳು ಬರಲಿಲ್ಲ. ಬಿಂದಿಗೆ ಮಾತ್ರ ಸಿಕ್ಕಿತು. ನೋಡಲು ಹೋದ ಮಾವನಿಗೆ ಆ ಮನೆಯವರು, ಗಂಗಮ್ಮ ಕರೆಸಿಕೊಂಡಳು, ಅವಳ ಪುಣ್ಯ ದೊಡ್ಡದು ಎಂದರಂತೆ. ಮಾವ ಆಗ ಮೀಸೆ ಬಾರದ ಹುಡುಗ. ಅವತ್ತು ನಡೆದುಕೊಂಡೇ ಊರಿಗೆ ಬಂದರಂತೆ... ಅವ್ವ ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ನಮ್ಮತ್ತೆಗೂ ಇದು ಗೊತ್ತಿತ್ತೆಂದು ಕಾಣುತ್ತದೆ. ಅವರು ಬಾಗಿಲ ಹತ್ತಿರ ನಿಂತು ಒಮ್ಮೆ ಒಳಕೋಣೆಯ ಕಡೆಗೂ ಒಮ್ಮೆ ಮೇಷ್ಟ್ರ ಕಡೆಗೂ ನೋಡಿದರು. ಮುಖ ಕೆಂಪಾಗಿತ್ತು.

"ಅಷ್ಟುದ್ದ ಬರ್ದೋನ್ಗೆ ಒಂದ್ ಮಾತು ಒಳೀನಿಲ್ವಾ ಮೇಷ್ಟ್ರೆ?" ಎಂದರು. "ಆಕಾಸ ತೆರೀಬೇಕಾ, ಹೂವಿನ್ ಮಳೆ ಉಯ್ಯಬೇಕಾ. ಆ ಅತ್ತೆ ಅನ್ನೋಳು ದಡಕ್ಕೆ ಬಂದು ಬಾ ಅಂದಿದ್ರೆ ಮುಗೀತಿತ್ತು."

ಮೇಷ್ಟ್ರು, ಪುಸ್ತಕದಲ್ಲಿ ಹಾಗಿಲ್ಲವಲ್ಲ ತಾಯಿ, ಎಂದರು.

"ಪುಸ್ತಕದಾಗಿರೋಳು ಓಗ್ನಿಲ್ಲ. ನಾನ್ ಓಯ್ತೀನಿ. ಮುತ್ತತ್ತಿರಾಯನಾಣೆಗೂ ಓಯ್ತೀನಿ. ಮಾಯೆಯಂತೆ, ಮಾಯೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದುಬಿಟ್ಟರು. ಕುಂಬಾರ ಓಡಿಹೋಗಿ ತನ್ನ ಮನೆಯಿಂದ ಒಂದು ಹೊಸ ಮಡಕೆ ತಂದು, ತಟ್ಟಿ ತೋರಿಸಿ, ಬಿರುಕಿಲ್ಲವೆಂದು ನಾಲ್ಕು ಜನರ ಮುಂದೆ ಒಪ್ಪಿಸಿ ಅವರ ಕೈಗೆ ಕೊಟ್ಟ.

ನಾಲೆ ನಮ್ಮ ಮನೆಯಿಂದ ದೂರವಿಲ್ಲ. ಅತ್ತೆ ಮುಂದೆ, ಹಿಂದೆ ಇಡೀ ಊರು. ಮದುವೆಗೆ ಮುಂಚೆ ಹೊಸ ನೀರು ತರುವ ಶಾಸ್ತ್ರಕ್ಕೆ ಹೋಗುವ ಹಾಗೇ ಇತ್ತು, ಓಲಗವೊಂದಿರಲಿಲ್ಲ. ನಾನೂ ಹೋದೆ. ಮದುಮಗಳಾಗಬೇಕಾದವಳು ಹೋಗಬಾರದೆಂದು ಹೇಳುವಷ್ಟು ಸಮಾಧಾನ ಆಗ ಯಾರಿಗೂ ಇರಲಿಲ್ಲ. ಸೂರ್ಯ ಇನ್ನೂ ಕಬ್ಬಿನ ಗದ್ದೆಗಳ ಮೇಲಿದ್ದ. ನಾಲೆ ತುಂಬಿ ಹರಿಯುತ್ತಿತ್ತು. ನೀರುಗಂಟಿ ಅತ್ತೆಯ ಹತ್ತಿರ ಹೋಗಿ, ತೂಬು ಇಳಿಸಲೇ ಎಂದು ಮೆಲ್ಲಗೆ ಕೇಳಿದ. ಸುಮ್ಕಿರ್ಲಾ ಎನ್ನಿಸಿಕೊಂಡು ಬಂದ.

ಅತ್ತೆ ಸೋಪಾನದ ಕೊನೆಯ ಕಲ್ಲಿನ ಮೇಲೆ ನಿಂತರು. ಅಲ್ಲಿಯವರೆಗೆ ಇದ್ದ ಜೋರು ಅಲ್ಲಿ ಇಳಿದುಹೋಯಿತು. ಮಡಕೆಯನ್ನು ಕಲ್ಲಿನ ಮೇಲಿಟ್ಟರು. ಆಮೇಲೆ ಯಾರನ್ನೋ ಊಟಕ್ಕೆ ಕರೆಯುವಾಗಿನ ದನಿಯಲ್ಲಿ ಹೇಳಿದರು.

"ಮಡ್ಕೆ ಓದ್ರೆ ಓಗ್ಲಿ ಬುಡವ್ವ. ಒತ್ತಾಯ್ತು. ಮನೆಗ್ ಬಾ."

ಕರೆದಾಯಿತು, ಇನ್ನು ಮುಂದೇನು ಎಂದು ಯಾರಿಗೂ ತಿಳಿಯಲಿಲ್ಲ. ಕರೆದವರಿಗೂ ತಿಳಿಯಲಿಲ್ಲವೆಂದು ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ಮಾವ ಯಾವಾಗ ಬಂದರು, ಯಾವಾಗ ನೀರಿಗಿಳಿದರು ಎಂಬುದನ್ನು ನಾನು ನೋಡಲಿಲ್ಲ. ನೋಡಿದಾಗ ಅವರು ಸ್ವಲ್ಪ ಕೆಳಗಡೆ, ದಡದ ಹುಲ್ಲು ಹಿಡಿದುಕೊಂಡು, ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು. ಪಂಚೆ ನೀರಿನ ಮೇಲೆ ಉಬ್ಬಿಕೊಂಡಿತ್ತು. ನೆಗಡಿ ಹಿಡಿದ ಆ ಕೀರಲು ಗಂಟಲಿನಲ್ಲಿ, ಹೆಂಗಸೊಬ್ಬಳು ಓಗೊಡುವ ಹಾಗೆ ಅವರು ಹೇಳಿದರು.

"ಬಂದೆ ಕಣತ್ತೆ."

ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ಅರ್ಧಕ್ಕೇ ನಿಂತಿತು. ಮಾವ ಒಂದೊಂದೇ ಹೆಜ್ಜೆ ಇಡುತ್ತ ನೀರಿನಿಂದ ಮೇಲೆ ಬಂದರು. ಅತ್ತೆ ಕೈ ಕೊಟ್ಟು ಎಳೆದುಕೊಂಡರು. ಊರ ಮುಂದೆ ಅವರಿಬ್ಬರು ಕೈ ಹಿಡಿದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಮಾವನ ಮುಖದಲ್ಲಿ ಇದ್ದದ್ದು ನಾಲೆಯ ನೀರೋ ಕಣ್ಣೀರೋ ಎಂದು ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ. ನಿಜ ಹೇಳಬೇಕೆಂದರೆ ಗೊತ್ತಿಲ್ಲ. ಅಷ್ಟರಲ್ಲಿ ಮಾವ ಸೀನಿದರು, ಮೂರು ಸಲ, ಆ ದಡದ ಎತ್ತುಗಳೆಲ್ಲ ತಿರುಗಿ ನೋಡುವ ಹಾಗೆ. ಗಂಟಲು ಮಾತ್ರ ಹೋಗಿತ್ತು, ಸೀನು ಹೋಗಿರಲಿಲ್ಲ. ಅತ್ತೆ ಬಯ್ಯಲು ಶುರುಮಾಡಿದರು. ಊರು ಉಸಿರು ಬಿಟ್ಟಿತು.

ಮಾರನೆಯ ದಿನ ಚಪ್ಪರದ ಕಂಬ ನೆಟ್ಟರು. ಮಾವ ಕಂಬಳಿ ಹೊದ್ದು ಕೂತು ಮಾವಿನ ಸೊಪ್ಪು ಕಟ್ಟಿಸಿದರು. ದೊಡ್ಡಪ್ಪ ಬಂದು ಉಂಡು ಹೋದರು. ಮೇಷ್ಟ್ರು ಊಟದ ಸಾಲಿನಲ್ಲಿ ಕೂತಾಗ ಯಾರೋ, ಮಂಡ್ಯದ ಪುಸ್ತಕ ಸರಿಯ ನಮ್ಮೂರ ಕೊನೆ ಸರಿಯ ಎಂದು ಕೆಣಕಿದರು. ಅತ್ತೆ ತುಪ್ಪ ಬಡಿಸುತ್ತ ಅಲ್ಲೇ ನಿಂತಿದ್ದರು. ಮೇಷ್ಟ್ರು ಎಲೆಯನ್ನೂ ತುಪ್ಪವನ್ನೂ ನೋಡಿ, ನಮ್ಮೂರಿನದು ಪಾಠಾಂತರ, ಅದಕ್ಕೂ ಮಾನ್ಯತೆಯುಂಟು ಎಂದರು. ಅತ್ತೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದರು.

ಆಮೇಲೆ ಅದು ನಮ್ಮ ಮನೆಯ ಶಾಸ್ತ್ರವೇ ಆಯಿತು. ಮನೆಗೆ ಸೊಸೆ ಬರುವ ಪ್ರತಿ ಮದುವೆಯಲ್ಲೂ ಅತ್ತೆಯಾಗುವವಳು ನಾಲೆಗೆ ಹೋಗಿ ಕರೆಯಬೇಕು, ನೀರಿನಲ್ಲಿ ನಿಂತ ಒಬ್ಬರು ಓಗೊಡಬೇಕು. ಮಾವ ಇರುವ ತನಕ ಓಗೊಟ್ಟವರು ಅವರೇ. ಗಂಟಲು ಸರಿಯಾದ ಮೇಲೂ ಅದೊಂದು ಮಾತನ್ನು ಕೀರಲಾಗಿಯೇ ಹೇಳುತ್ತಿದ್ದರು. ಪುಸ್ತಕವನ್ನು ಮತ್ತೆ ಪ್ರತಿ ವರ್ಷ ಓದಿಸಿದರು. ಮಂಡ್ಯದಿಂದ ತಂದ ಎಲೆಗಳನ್ನು ಬಿಸಾಡಲಿಲ್ಲ, ಅವಕ್ಕೂ ಬಜೆ ಇಟ್ಟರು. ಆದರೆ ಓದು ಅಲ್ಲಿಗೆ ಬಂದಾಗ ಕುಯ್ಲು ಬಂದಿತೆಂದು ನಿಲ್ಲಿಸುತ್ತಿದ್ದರು. ಒಮ್ಮೆ ನಾನು, ದೇವರಲ್ಲಿ ಐಕ್ಯವಾಗುವುದು ನಿಮಗೆ ನಂಬಿಕೆ ಇಲ್ಲವೇ ಮಾವ ಎಂದು ಕೇಳಿದೆ. ಬಜೆಯ ತುಂಡನ್ನು ಮೂಸುತ್ತ ಹೇಳಿದರು, "ಅಯ್ತೆ ಕಣವ್ವ. ಆದ್ರೆ ನನ್ ದ್ಯಾವ್ರು ಯಾರ್ನೂ ನೀರ್ನಾಗೆ ಬುಟ್ಟು ಬರಾಕಿಲ್ಲ."

ಮಾವ ತೀರಿಕೊಂಡ ಮೇಲೆ ನಮ್ಮ ಯಜಮಾನರು ಓಗೊಡುತ್ತಿದ್ದರು. ಕಡಿಮೆ ಮಾತಿನವರು, ಅದನ್ನು ಮಾತ್ರ ತಪ್ಪದೆ ಹೇಳುತ್ತಿದ್ದರು. ಅವರೂ ಹೋದರು. ಹೋದ ವರ್ಷ ಮೊಮ್ಮಗನ ಮದುವೆ ಮಂಡ್ಯದ ಒಂದು ಛತ್ರದಲ್ಲಾಯಿತು. ನಾಲೆಗೆ ಹೋಗಿ ಬರಲು ಹೊತ್ತಿಲ್ಲ ಎಂದರು. ಕೈ ತೊಳೆಯುವ ನಲ್ಲಿಯ ಮುಂದೆ ನನ್ನ ಸೊಸೆ ಹೊಸ ಮಡಕೆ ಹಿಡಿದು ನಿಂತು, ಮನೆಗ್ ಬಾರವ್ವ ಎಂದು ಕರೆದಳು. ಯಾರೂ ಓಗೊಡಲಿಲ್ಲ. ಓಗೊಡಬೇಕೆಂದು ಗೊತ್ತಿದ್ದವಳು ನಾನೊಬ್ಬಳೇ. ನನಗೆ ದನಿ ಬರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಪುರೋಹಿತರು ಮುಹೂರ್ತ ಮೀರುತ್ತದೆಂದು ಅವಸರ ಮಾಡಿದರು, ಎಲ್ಲರೂ ಹೋದರು.

ಆವತ್ತಿನಿಂದ ನನಗೆ ಒಂದೇ ಯೋಚನೆ. ಆ ಹುಡುಗಿ ಮತ್ತೆ ನೀರಿನಲ್ಲೇ ಉಳಿದಳಲ್ಲ...

ಮೊನ್ನೆ ಬಜೆ ತೇದಾದ ಮೇಲೆ ಮೊಮ್ಮಗಳು ಕೂಸನ್ನೆತ್ತಿಕೊಂಡು ಒಳಗೆ ಹೋದಳು, ವಾಸನೆ ಉಳಿದಿತ್ತು. ಹಜಾರದಲ್ಲಿ ನಾನೊಬ್ಬಳೇ. ಬಚ್ಚಲಲ್ಲಿ ಯಾರೋ ಹಂಡೆಗೆ ನೀರು ಬಿಟ್ಟಿದ್ದರು, ಅದರ ಸದ್ದು ಬರುತ್ತಿತ್ತು. ಗಂಟಲು ಸರಿಮಾಡಿಕೊಂಡೆ. ಆದಷ್ಟು ಕೀರಲಾಗಿ ಹೇಳಿದೆ. "ಬಂದೆ ಕಣತ್ತೆ." ಮಾವನ ಹಾಗೆ ಬರಲಿಲ್ಲ. ನನ್ನದೇ ಮುದಿದನಿ.

ಒಳಗಿನಿಂದ ಮೊಮ್ಮಗಳು ಕೇಳಿದಳು, "ಯಾರನ್ನಜ್ಜಿ ಕರೆದದ್ದು?"

"ಕರೀಲಿಲ್ಲ ಕಣವ್ವ" ಎಂದೆ. "ಓಗೊಟ್ಟೆ."